ಹುಡುಗನನ್ನು ಬಿಡಬೇಕೆ? ಮೊರಿಸ್ ಕ್ಲಾರೆಟ್ ಕತೆಯ ಒಂದು ಮರುಓದು

ನಾನು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಫೀಸು ಮಾಫಿ ಮತ್ತು ತಿಂಗಳ ಸ್ಟೈಪೆಂಡಿಗೆ ಬದಲಾಗಿ ನನ್ನಂಥವರು ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಬರವಣಿಗೆಯ ತರಗತಿ ತೆಗೆದುಕೊಳ್ಳಬೇಕು. ಕಳೆದ ವರ್ಷ ನನ್ನ ತರಗತಿಯಲ್ಲಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಒಬ್ಬ ಹುಡುಗನಿದ್ದ. ಹದಿನೆಂಟು ದಾಟಿ ಕೆಲವೇ ತಿಂಗಳಾಗಿತ್ತು. ಹಿಂದಿನ ಬೆಂಚಿನಲ್ಲಿ, ತನ್ನ ಮೈಗೆ ತೀರಾ ಚಿಕ್ಕದಾದ ಕುರ್ಚಿಯಲ್ಲಿ, ಮಂಡಿಗೆ ಐಸ್ ಕಟ್ಟಿಕೊಂಡು ಕೂರುತ್ತಿದ್ದ. ಒಂದು ವಾದವನ್ನು ಮಂಡಿಸುವ ಪ್ರಬಂಧ ಬರೆಯಿರಿ ಎಂದಾಗ ಅವನು ಆರಿಸಿಕೊಂಡ ವಿಷಯ: ಕಾಲೇಜು ಆಟಗಾರರನ್ನು ಬೇಗ ವೃತ್ತಿಪರ ಲೀಗಿಗೆ ಬಿಡಬೇಕೆ?

ಬಿಡಬೇಕು ಎಂದೇ ಬರೆಯುತ್ತಾನೆ ಎಂದುಕೊಂಡಿದ್ದೆ. ಅವನು ಬರೆದದ್ದು ಬಿಡಬಾರದು ಎಂದು. ಮೂರು ಕಾರಣ ಕೊಟ್ಟಿದ್ದ. ದೇಹ ಬಲಿತಿರುವುದಿಲ್ಲ, ಓದು ಅರ್ಧಕ್ಕೆ ನಿಲ್ಲುತ್ತದೆ, ಆ ವಯಸ್ಸಿಗೆ ಅಷ್ಟು ಹಣ ಬಂದರೆ ತಲೆ ನಿಲ್ಲುವುದಿಲ್ಲ. ಕೊನೆಗೆ ಉದಾಹರಣೆಯಾಗಿ ಒಂದು ಹೆಸರು: ಮೊರಿಸ್ ಕ್ಲಾರೆಟ್. ಫುಟ್‌ಬಾಲಿನ ಗಂಧಗಾಳಿ ಇಲ್ಲದ ನಾನು ಯಾರಿದು ಎಂದು ಕೇಳಿದೆ. "ಅವಸರ ಮಾಡಿ ಹಾಳಾದವನು" ಎಂದ. ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕೇಳಿದರೂ ಹೆಚ್ಚುಕಡಿಮೆ ಅದೇ ಉತ್ತರ. ಒಂದು ಬದುಕು ಒಂದೇ ವಾಕ್ಯದ ನೀತಿಕಥೆಯಾಗಿ ಇಷ್ಟು ಜನರ ಬಾಯಲ್ಲಿ ಇದೆ ಎಂದರೆ ಆ ಕತೆಯನ್ನು ಯಾರು, ಹೇಗೆ ಕಟ್ಟಿದರು ಎಂದು ನೋಡುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸ ಅನ್ನಿಸಿತು. ಈ ಬರಹ ಆ ಹುಡುಕಾಟದಿಂದ ಹುಟ್ಟಿದ್ದು.

ಮೊದಲು ಹಿನ್ನೆಲೆ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಊರಿನಲ್ಲಿ ಆಡಿದ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಹೆಲ್ಮೆಟ್, ಹೆಗಲಿಗೆ ಕವಚ ಹಾಕಿಕೊಂಡು, ಎದುರಾಳಿಯ ಮೈಗೆ ಮೈ ಗುದ್ದಿ ಮುನ್ನುಗ್ಗುವ ಆಟ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಅಲ್ಲಿಗೆ ಹೋಗುವ ದಾರಿ ಬಹುತೇಕ ಒಂದೇ, ಕಾಲೇಜು ತಂಡ. ಯುರೋಪಿನ ಕ್ಲಬ್ಬುಗಳು ಎಳೆಯರನ್ನು ತಾವೇ ಸಾಕಿ ಬೆಳೆಸುವಂಥ ಏರ್ಪಾಡು ಇಲ್ಲಿಲ್ಲ. ಆ ಕೆಲಸವನ್ನು ವಿಶ್ವವಿದ್ಯಾಲಯಗಳು ಮಾಡಿಕೊಡುತ್ತವೆ. ಪ್ರತಿ ವರ್ಷ ವಸಂತದಲ್ಲಿ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ತಂಡಗಳು ಸರದಿಯಲ್ಲಿ ಒಬ್ಬೊಬ್ಬ ಹುಡುಗನ ಹೆಸರು ಕೂಗುತ್ತವೆ. ಆ ಸಾಲಿನಲ್ಲಿ ನಿಲ್ಲಬೇಕಾದರೆ ಹೈಸ್ಕೂಲು ಮುಗಿದು ಮೂರು ವರ್ಷ ಕಳೆದಿರಬೇಕು.

ಈ ತಡೆಗೆ ನೂರು ವರ್ಷದ ಇತಿಹಾಸ ಇದೆ. 1925ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ ಎಂಬ ಅಸಾಧಾರಣ ಓಟಗಾರ ತನ್ನ ಕೊನೆಯ ಕಾಲೇಜು ಪಂದ್ಯ ಮುಗಿಸಿ ಕೆಲವೇ ದಿನಗಳಲ್ಲಿ ಶಿಕಾಗೋ ಬೇರ್ಸ್ ತಂಡದ ಅಂಗಿ ತೊಟ್ಟು ಮೈದಾನಕ್ಕಿಳಿದ. ಕಾಲೇಜುಗಳು ಕೆಂಡವಾದವು. ಆಗಿನ್ನೂ ಎಳೆಯದಾಗಿದ್ದ ಲೀಗಿಗೆ ಕಾಲೇಜುಗಳ ಸಿಟ್ಟನ್ನು ತಡೆದುಕೊಳ್ಳುವ ತಾಕತ್ತಿರಲಿಲ್ಲ. ಸಹಪಾಠಿಗಳು ಪದವಿ ಮುಗಿಸುವ ತನಕ ಆಟಗಾರನನ್ನು ಮುಟ್ಟುವುದಿಲ್ಲ ಎಂದು ಅದು ಒಪ್ಪಿಕೊಂಡಿತು. 1990ರಲ್ಲಿ ಅದು ಮೂರು ವರ್ಷಕ್ಕೆ ಇಳಿಯಿತು. ಗಮನಿಸಬೇಕಾದ್ದು, ಈ ನಿಯಮ ಹುಟ್ಟಿದಾಗ ಹುಡುಗರ ದೇಹದ ಚಿಂತೆ ಅದರ ಕಾರಣವಾಗಿರಲಿಲ್ಲ. ಅದು ಎರಡು ಸಂಸ್ಥೆಗಳ ನಡುವಿನ ಗಡಿ ಒಪ್ಪಂದವಾಗಿತ್ತು. ರಕ್ಷಣೆಯ ಮಾತು ಅದಕ್ಕೆ ಆಮೇಲೆ ಅಂಟಿಕೊಂಡಿತು.

ಇನ್ನು ಕ್ಲಾರೆಟ್. ಅವನು ಓಹಾಯೋ ರಾಜ್ಯದ ಯಂಗ್ಸ್‌ಟೌನ್‌ನವನು. 1977ರ ಸೆಪ್ಟೆಂಬರಿನಲ್ಲಿ ಅಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚುವುದಾಗಿ ಘೋಷಿಸಿದ ಮೇಲೆ ಬಡವಾಗುತ್ತಲೇ ಹೋದ ಊರು. ಕ್ಲಾರೆಟ್ 2001ರ ಡಿಸೆಂಬರಿನಲ್ಲೇ ಹೈಸ್ಕೂಲು ಮುಗಿಸಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಮೊದಲ ವರ್ಷದಲ್ಲೇ 1,237 ಗಜ ಓಡಿದ. 2003ರ ಜನವರಿ 3ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಮಯಾಮಿ ವಿಶ್ವವಿದ್ಯಾಲಯದ ವಿರುದ್ಧ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯ. ಎರಡು ಸಲ ಹೆಚ್ಚುವರಿ ಸಮಯಕ್ಕೆ ಹೋದ ಆ ಪಂದ್ಯದ ಗೆಲುವಿನ ಟಚ್‌ಡೌನ್ ಗಳಿಸಿದವನು ಹತ್ತೊಂಬತ್ತು ವರ್ಷದ ಕ್ಲಾರೆಟ್. ಓಹಾಯೋ ಸ್ಟೇಟ್ 31-24ರಿಂದ ಗೆದ್ದಿತು.

ಅದೇ ಮೈದಾನದಲ್ಲಿ, ಅದೇ ರಾತ್ರಿ, ನಾಲ್ಕನೇ ಕ್ವಾರ್ಟರಿನಲ್ಲಿ ಎದುರು ತಂಡದ ಓಟಗಾರ ವಿಲ್ಲಿಸ್ ಮೆಕ್‌ಗಾಹಿಯ ಮಂಡಿ ಮುರಿಯಿತು. ಆ ದೃಶ್ಯದ ವಿಡಿಯೊ ಈಗಲೂ ಸಿಗುತ್ತದೆ. ನಾನು ಒಂದೇ ಸಲ ನೋಡಿದೆ. ಕಾಲು ಬಾಗಬಾರದ ದಿಕ್ಕಿಗೆ ಬಾಗುತ್ತದೆ. ಡ್ರಾಫ್ಟಿನಲ್ಲಿ ಮೊದಲ ಕೆಲವೇ ಹೆಸರುಗಳಲ್ಲಿ ಒಂದಾಗುತ್ತಾನೆ ಎಂದು ಎಣಿಸಿದ್ದ ಇಪ್ಪತ್ತೊಂದರ ಹುಡುಗ ಸಂಬಳವಿಲ್ಲದೆ ಆಡಿದ ಕೊನೆಯ ಪಂದ್ಯದಲ್ಲಿ ಮಂಡಿಯ ಮೂರು ಕಟ್ಟುಗಳನ್ನು ಕಳೆದುಕೊಂಡ. ಆದರೂ ಬಫಲೋ ತಂಡ ಆ ವರ್ಷ ಅವನನ್ನು 23ನೆಯವನಾಗಿ ಆರಿಸಿತು. ಒಂದು ಸೀಸನ್ ಕೂತು ಗುಣವಾಗಿ ಆಮೇಲೆ ವರ್ಷಗಟ್ಟಲೆ ಆಡಿದ. ಅವನದು ಅದೃಷ್ಟ. ದಕ್ಷಿಣ ಕ್ಯಾರೊಲೈನಾದ ಮಾರ್ಕಸ್ ಲ್ಯಾಟಿಮೋರ್‌ಗೆ ಆ ಅದೃಷ್ಟ ಇರಲಿಲ್ಲ. 2012ರ ಅಕ್ಟೋಬರಿನಲ್ಲಿ ಕಾಲೇಜು ಪಂದ್ಯದಲ್ಲಿ ಮಂಡಿ ಹೋಯಿತು; ಮುಂದಿನ ವರ್ಷ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾದರೂ ಒಂದೇ ಒಂದು ವೃತ್ತಿಪರ ಪಂದ್ಯ ಆಡದೆ 2014ರಲ್ಲಿ ನಿವೃತ್ತನಾದ. ಕಾಯುವುದರಿಂದ ಏನು ಸಿಗುತ್ತದೆ ಎಂಬುದರ ಜೊತೆಗೆ ಕಾಯುವಾಗ ಏನು ಹೋಗಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ವಿದ್ಯಾರ್ಥಿಯ ಪ್ರಬಂಧದಲ್ಲಿ ಈ ಎರಡನೆಯ ಲೆಕ್ಕ ಇರಲಿಲ್ಲ.

ಆ ರಾತ್ರಿಯ ನಂತರ ಕ್ಲಾರೆಟ್ ಒಂದೇ ಒಂದು ಕಾಲೇಜು ಪಂದ್ಯವನ್ನೂ ಆಡಲಿಲ್ಲ. ನಿಯಮಕ್ಕೆ ವಿರುದ್ಧವಾಗಿ ಹಣ, ಸವಲತ್ತು ಪಡೆದ, ತನಿಖೆಯಲ್ಲಿ ಸುಳ್ಳು ಹೇಳಿದ ಎಂದು ವಿಶ್ವವಿದ್ಯಾಲಯ 2003ರ ಇಡೀ ಸೀಸನ್‌ಗೆ ಅವನನ್ನು ಅಮಾನತು ಮಾಡಿತು. ಅವನು ಎನ್‌ಎಫ್‌ಎಲ್ ಮೇಲೆ ದಾವೆ ಹೂಡಿದ. 2004ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಅವನ ಪರವಾಗಿ ತೀರ್ಪು ಕೊಟ್ಟರು. ಏಪ್ರಿಲ್ ಡ್ರಾಫ್ಟಿಗೆ ಮುಂಚೆ ಮೇಲ್ಮನವಿ ನ್ಯಾಯಾಲಯ ಅದಕ್ಕೆ ತಡೆ ನೀಡಿ, ಮೇ ತಿಂಗಳಲ್ಲಿ ರದ್ದು ಮಾಡಿತು. 2005ರಲ್ಲಿ ಡೆನ್ವರ್ ತಂಡ ಅವನನ್ನು ಮೂರನೇ ಸುತ್ತಿನಲ್ಲಿ, 101ನೆಯವನಾಗಿ ಆರಿಸಿ, ಸೀಸನ್ ಶುರುವಾಗುವ ಮುಂಚೆಯೇ ಕೈಬಿಟ್ಟಿತು. 2006ರಲ್ಲಿ ದರೋಡೆ ಮತ್ತು ಆಯುಧದ ಪ್ರಕರಣಗಳಲ್ಲಿ ಜೈಲು ಸೇರಿದ. ಸುಮಾರು ಮೂರೂವರೆ ವರ್ಷ ಒಳಗಿದ್ದು 2010ರಲ್ಲಿ ಬಿಡುಗಡೆಯಾದ. ಜೈಲಿನಿಂದಲೇ ಮನೆಯವರ ಮೂಲಕ ಬ್ಲಾಗ್ ಬರೆಸಿದ.

ಈ ಬದುಕನ್ನು ಜೆಫ್ ಮತ್ತು ಮೈಕೆಲ್ ಜಿಂಬಲಿಸ್ಟ್ ಸಹೋದರರು 2013ರಲ್ಲಿ ಇಎಸ್‌ಪಿಎನ್ ವಾಹಿನಿಗಾಗಿ 'ಯಂಗ್ಸ್‌ಟೌನ್ ಬಾಯ್ಸ್' ಎಂಬ ಸಾಕ್ಷ್ಯಚಿತ್ರವಾಗಿ ಹೇಳಿದ್ದಾರೆ. ಕ್ಲಾರೆಟ್ ಮತ್ತು ಅವನ ಕೋಚ್ ಜಿಮ್ ಟ್ರೆಸೆಲ್, ಇಬ್ಬರ ಕತೆಯೂ ಅಲ್ಲಿದೆ. ಕಳಕಳಿಯಿಂದ ಮಾಡಿದ ಚಿತ್ರ. ಊರಿನ ಸೋಲನ್ನೂ ಹುಡುಗನ ಸೋಲನ್ನೂ ಒಟ್ಟಿಗೆ ಇಟ್ಟು ನೋಡುವ ಕಣ್ಣು ಅದಕ್ಕಿದೆ. ಆದರೆ ಅದರ ಕಥನದ ಅಚ್ಚು ನಮಗೆಲ್ಲ ಪರಿಚಿತವಾದದ್ದೇ: ಏರಿದ, ಬಿದ್ದ, ಪಶ್ಚಾತ್ತಾಪಪಟ್ಟ, ಎದ್ದ. ಈ ಅಚ್ಚಿಗೆ ಸುರಿದಾಗ ಪ್ರತಿಯೊಂದೂ ಒಬ್ಬ ವ್ಯಕ್ತಿಯ ಗುಣದ ಪ್ರಶ್ನೆಯಾಗಿಬಿಡುತ್ತದೆ. ಅವನಿಗೆ ತಾಳ್ಮೆ ಇತ್ತೇ, ಇರಲಿಲ್ಲವೇ? ಅವನು ಬದಲಾದನೇ, ಇಲ್ಲವೇ? ನಿಯಮ ಎಂಬುದು ಮಳೆ ಬಿಸಿಲಿನ ಹಾಗೆ ಹಿನ್ನೆಲೆಯಲ್ಲಿ ಉಳಿಯುತ್ತದೆ. ಯಾರೂ ಮಾಡಿದ್ದಲ್ಲ, ಸುಮ್ಮನೆ ಇರುವಂಥದ್ದು ಎನ್ನುವ ಹಾಗೆ.

ಘಟನೆಗಳ ಅನುಕ್ರಮವನ್ನು ಬೆರಳಲ್ಲಿ ಎಣಿಸಿ ನೋಡಿದಾಗ ನನಗೆ ಬೇರೆಯೇ ಕಂಡಿತು. ಕ್ಲಾರೆಟ್‌ನನ್ನು ಬೇಗ ಬಿಟ್ಟದ್ದರಿಂದ ಅವನು ಹಾಳಾಗಲಿಲ್ಲ, ಏಕೆಂದರೆ ಅವನನ್ನು ಬೇಗ ಬಿಡಲೇ ಇಲ್ಲ. 2003, 2004, ಎರಡು ಪೂರ್ತಿ ಸೀಸನ್ ಅವನು ಕಾಲೇಜಿಗೂ ಇಲ್ಲ, ಲೀಗಿಗೂ ಇಲ್ಲ ಎಂಬಂತೆ ಹೊರಗಿದ್ದ. ಡೆನ್ವರ್ ತಂಡಕ್ಕೆ ಬಂದಾಗ ನಿಯಮ ಕೇಳಿದ ಮೂರು ವರ್ಷ ಅವನ ಪಾಲಿಗೆ ಮುಗಿದಿತ್ತು. ಅಂದರೆ ನಿಯಮ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದ ಮೇಲೆ ಉಳಿದದ್ದು ಈ ಕತೆ. 'ಬೇಗ ಹೋದರೆ ಹೀಗಾಗುತ್ತದೆ' ಎಂಬುದಕ್ಕೆ ಇದನ್ನು ಪುರಾವೆಯಾಗಿ ಕೊಡಲು ಬರುವುದಿಲ್ಲ. ಬೇಗ ಹೋಗಿದ್ದರೆ ಅವನು ಉದ್ಧಾರವಾಗುತ್ತಿದ್ದ ಎಂದು ಹೇಳಲೂ ನನ್ನಲ್ಲಿ ಆಧಾರವಿಲ್ಲ. ಅವನು ಮಾಡಿದ ತಪ್ಪು ಅವನದೇ, ಅದನ್ನು ಅವನೂ ಒಪ್ಪಿಕೊಂಡಿದ್ದಾನೆ. ನನ್ನ ತಕರಾರು ಇಷ್ಟೇ: ತಡೆದು ನಿಲ್ಲಿಸಲಾದ ಹುಡುಗನೊಬ್ಬ ನಮ್ಮ ನೆನಪಿನಲ್ಲಿ ಓಡಿಹೋದ ಹುಡುಗನಾಗಿ ಉಳಿದಿದ್ದಾನೆ.

ನಿಯಮಕ್ಕೆ ಸನ್ನದ್ಧತೆಗಿಂತ ಕ್ಯಾಲೆಂಡರ್ ಮುಖ್ಯ ಎಂಬುದಕ್ಕೆ ಅದೇ 2004ರ ಡ್ರಾಫ್ಟ್ ಇನ್ನೊಂದು ಉದಾಹರಣೆ ಕೊಡುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಲ್ಯಾರಿ ಫಿಟ್ಜೆರಾಲ್ಡ್ ಕಾಲೇಜಿನಲ್ಲಿ ಎರಡೇ ಸೀಸನ್ ಆಡಿದ್ದ. ಆದರೆ ಅದಕ್ಕೆ ಮೊದಲು ಒಂದು ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ ಕಳೆದಿದ್ದರಿಂದ ಮೂರು ವರ್ಷದ ಲೆಕ್ಕ ಸರಿಹೋಯಿತು. ಅವನನ್ನು ಮೂರನೆಯವನಾಗಿ ಆರಿಸಿದರು, 2020ರವರೆಗೂ ಆಡಿದ. ಅದೇ ವಸಂತದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕ್ ವಿಲಿಯಮ್ಸ್, ಫೆಬ್ರವರಿಯ ತೀರ್ಪನ್ನು ನಂಬಿ ಏಜೆಂಟನನ್ನು ಇಟ್ಟುಕೊಂಡು ಡ್ರಾಫ್ಟಿಗೆ ಹೆಸರು ಕೊಟ್ಟ. ತೀರ್ಪು ಬಿದ್ದುಹೋಯಿತು. ಲೀಗ್ ಅವನನ್ನು ಒಳಗೆ ಬಿಡಲಿಲ್ಲ. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ವಾಪಸ್ ಸೇರಿಸಿಕೊಳ್ಳಲಿಲ್ಲ. ಒಂದು ವರ್ಷ ಅವನು ಎಲ್ಲಿಯೂ ಆಡಲಿಲ್ಲ. ಆಚೆಯ ಬಾಗಿಲು ಮುಚ್ಚಿದ ಮೇಲೆ ಈಚೆಯ ಬಾಗಿಲನ್ನೂ ಹಾಕಿಕೊಂಡವರು, ಹುಡುಗನ ಓದಿನ ಬಗ್ಗೆ ಅಷ್ಟೊಂದು ಚಿಂತೆ ಇದ್ದವರೇ.

ಎರಡು ತೀರ್ಪುಗಳನ್ನು ನಾನು ಪಠ್ಯಗಳಾಗಿ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಕಾನೂನು ನನ್ನ ಕ್ಷೇತ್ರವಲ್ಲ. ಆದರೆ ಒಂದು ಪಠ್ಯ ಯಾರನ್ನು ಏನೆಂದು ಕರೆಯುತ್ತದೆ ಎಂದು ಗಮನಿಸಲು ಕಾನೂನು ಪದವಿ ಬೇಕಿಲ್ಲ. ಶೈಂಡ್ಲಿನ್ ಅವರ ತೀರ್ಪು ಎನ್‌ಎಫ್‌ಎಲ್ ಕೊಟ್ಟ ಸಮರ್ಥನೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಎಳೆಯರಿಗೆ ಗಾಯವಾಗದಂತೆ ಕಾಪಾಡುವುದು ಅದರಲ್ಲೊಂದು. ಗಾಯಾಳುಗಳಿಂದ ತಂಡಗಳಿಗೆ ಆಗುವ ಖರ್ಚು, ಲೀಗಿನ ಮನರಂಜನೆಯ ಗುಣಮಟ್ಟ ಕೂಡ ಆ ಪಟ್ಟಿಯಲ್ಲಿವೆ. ಇವು ಪೈಪೋಟಿಯನ್ನು ತಡೆಯಲು ಸಾಕಾಗುವ ಕಾರಣಗಳಲ್ಲ, ಕಾಳಜಿ ಇದ್ದರೆ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿ ನಿರ್ಧರಿಸುವ ದಾರಿ ಇದೆ ಎಂಬುದು ಅವರ ನಿಲುವಿನ ಸಾರ. ಅಲ್ಲಿ ಕ್ಲಾರೆಟ್ ಒಬ್ಬ ನಿರ್ದಿಷ್ಟ ಹುಡುಗ. ಅವನ ದೇಹ, ಅವನ ಆಟ ಮುಖ್ಯ.

ಮೇಲ್ಮನವಿಯ ತೀರ್ಪು ಬರೆದವರು ಸೋನಿಯಾ ಸೊಟೊಮಯೋರ್, ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು. ನನ್ನ ವಿದ್ಯಾರ್ಥಿಯ ಪ್ರಬಂಧದಲ್ಲಿದ್ದ ದೇಹ, ಓದು, ಪ್ರೌಢತೆ, ಈ ಮೂರರಲ್ಲಿ ಒಂದರ ಮೇಲೂ ಅವರ ತೀರ್ಪು ನಿಂತಿಲ್ಲ. ಅದು ನಿಂತಿರುವುದು ಕಾರ್ಮಿಕ ಕಾನೂನಿನ ಮೇಲೆ. ಲೀಗಿನ ಮಾಲೀಕರಿಗೂ ಆಟಗಾರರ ಸಂಘಕ್ಕೂ ಸಾಮೂಹಿಕ ಚೌಕಾಸಿಯ ಸಂಬಂಧ ಇದೆ. ಯಾರು ಕೆಲಸಕ್ಕೆ ಅರ್ಹರು ಎಂಬುದು ಆ ಚೌಕಾಸಿಯ ವಿಷಯ. ಅದರಲ್ಲಿ ಹೊಸಬರಿಗೆ ನಷ್ಟವಾದರೆ ಅದು ಎಲ್ಲ ಉದ್ಯಮಗಳಲ್ಲೂ ಆಗುವಂಥದ್ದೇ. ಕೌಶಲ ಇದೆ ಎಂಬ ಭರವಸೆ ಇದ್ದೂ ಅರ್ಹತೆಯ ಷರತ್ತು ಪೂರೈಸದ ಯಾವುದೇ ಉದ್ಯೋಗಾಕಾಂಕ್ಷಿಗೂ ಕ್ಲಾರೆಟ್‌ಗೂ ವ್ಯತ್ಯಾಸವಿಲ್ಲ. ಕಾರ್ಮಿಕ ಸಂಘಗಳನ್ನು ಗೌರವಿಸುವ ಯಾರಿಗೂ ಈ ತರ್ಕವನ್ನು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ನನಗೂ ಆಗಲಿಲ್ಲ. ಆದರೆ ಚೌಕಾಸಿಯ ಮೇಜಿನ ಸುತ್ತ ಯಾರು ಕೂತಿದ್ದಾರೆ ನೋಡಿ. ಮಾಲೀಕರಿಗೆ ಕಾಲೇಜುಗಳು ಪುಕ್ಕಟೆ ತರಬೇತಿ ಕೊಟ್ಟು, ಟಿವಿಯಲ್ಲಿ ಹೆಸರು ಮಾಡಿಸಿ ಕಳಿಸುವ ಹುಡುಗರು ಬೇಕು. ಸಂಘದ ಸದಸ್ಯರು ಈಗಾಗಲೇ ಒಳಗಿರುವ ಆಟಗಾರರು. ಪ್ರತಿ ಹೊಸ ಹುಡುಗ ಅವರಲ್ಲೊಬ್ಬನ ಜಾಗ ಕಿತ್ತುಕೊಳ್ಳುವವನು. ಹುಡುಗನ ಪರವಾಗಿ ಮಾತಾಡುವವರು ಆ ಕೋಣೆಯಲ್ಲಿಲ್ಲ.

ಹಾಗಾದರೆ ಈ ತೀರ್ಪಿನ ಪ್ರಕಾರ ಕ್ಲಾರೆಟ್ ಯಾರು? ಒಬ್ಬ ಕೆಲಸಗಾರ, ಇನ್ನೂ ಕೆಲಸ ಸಿಗದವನು. ಸರಿ. ಆದರೆ ಅದೇ ಹುಡುಗ ಓಹಾಯೋ ಸ್ಟೇಟಿನಲ್ಲಿ ಆಡುತ್ತಿದ್ದಾಗ ಅವನನ್ನು ಕರೆಯುತ್ತಿದ್ದದ್ದು 'ವಿದ್ಯಾರ್ಥಿ ಕ್ರೀಡಾಪಟು' ಎಂದು. ಆ ಪದಕ್ಕೂ ಒಂದು ಹುಟ್ಟಿದ ಕತೆ ಇದೆ. 1955ರಲ್ಲಿ ಕೊಲರಾಡೋದ ಒಂದು ಸಣ್ಣ ಕಾಲೇಜಿನ ಆಟಗಾರ ರೇ ಡೆನ್ನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಕೆಲಸದಲ್ಲಿ ಸತ್ತವರ ಮನೆಯವರಿಗೆ ಸಿಗುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. ಅವನು ಕಾಲೇಜಿನ ನೌಕರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ನಿರಾಕರಿಸಿತು. ಎನ್‌ಸಿಎಎಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬೈಯರ್ಸ್, ನಿವೃತ್ತಿಯ ನಂತರ 1995ರಲ್ಲಿ ತಂದ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ: ಆಟಗಾರರನ್ನು ನೌಕರರೆಂದು ಪರಿಗಣಿಸಿಬಿಟ್ಟಾರು ಎಂಬ ಭಯದಿಂದ ಆ ಪದವನ್ನು ತಾವು ರೂಪಿಸಿ ಎಲ್ಲ ನಿಯಮಗಳಲ್ಲೂ ಸೇರಿಸಿದೆವು ಎಂದು. ಒಂದು ಜೋಡುಪದ ಇಷ್ಟು ದೀರ್ಘಕಾಲ ಇಷ್ಟೊಂದು ಹಣ ಉಳಿಸಿಕೊಟ್ಟ ಉದಾಹರಣೆ ನನ್ನ ಓದಿನಲ್ಲಿ ಇನ್ನೊಂದಿಲ್ಲ.

ಈ ಎರಡನ್ನೂ ಸೇರಿಸಿ ಓದಿದಾಗ ನನಗೆ ಇಡೀ ವ್ಯವಸ್ಥೆ ಅರ್ಥವಾಯಿತು. ಕೂಲಿ ಕೇಳಿದರೆ ಅವನು ವಿದ್ಯಾರ್ಥಿ. ವಿದ್ಯಾರ್ಥಿಯಾಗಿ ಇಲ್ಲಿಂದ ಹೊರಡುತ್ತೇನೆ ಎಂದರೆ, ಯಾರೋ ಅವನ ಪರವಾಗಿ ಚೌಕಾಸಿ ಮುಗಿಸಿರುವ ಕೆಲಸಗಾರ. ಎರಡು ಹೆಸರುಗಳಲ್ಲಿ ಯಾವುದು ಯಾವಾಗ ಅನ್ವಯವಾಗಬೇಕು ಎಂದು ಆರಿಸುವ ಹಕ್ಕು ಅವನೊಬ್ಬನಿಗೆ ಬಿಟ್ಟು ಮಿಕ್ಕೆಲ್ಲರಿಗೂ ಇದೆ.

ಇಷ್ಟಾದರೂ ದೇಹದ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹದಿನೆಂಟರ ಹುಡುಗನ ಮೇಲೆ ಇಪ್ಪತ್ತೆಂಟರ, ಹತ್ತು ವರ್ಷ ಕಬ್ಬಿಣ ಎತ್ತಿ ಬಲಿತ ಗಂಡಸು ಬಂದು ಬೀಳುವುದು ಸಣ್ಣ ಮಾತಲ್ಲ. ಬಾಸ್ಕೆಟ್‌ಬಾಲಿನಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರವಾಗಿ ಹೋದ, ಸಚಿನ್ ಹದಿನಾರಕ್ಕೆ ಕರಾಚಿಯಲ್ಲಿ ಟೆಸ್ಟ್ ಆಡಿದ ಎಂದು ಉದಾಹರಣೆ ಕೊಟ್ಟರೆ ಈ ಆಟಕ್ಕೆ ಹೊಂದುವುದಿಲ್ಲ. ಬೇಗ ಬಿಟ್ಟದ್ದರ ಕಹಿಯೂ ಕ್ರೀಡಾಲೋಕಕ್ಕೆ ಗೊತ್ತಿದೆ. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ ಹದಿಮೂರನೇ ವಯಸ್ಸಿಗೆ ವೃತ್ತಿಪರ ಟೆನಿಸ್‌ಗೆ ಬಂದು, ಕೆಲವೇ ವರ್ಷಗಳಲ್ಲಿ ದಣಿದು ಹೊರಗುಳಿದಳು. ಆಮೇಲೆ ಮಹಿಳಾ ಟೆನಿಸ್ ವಯಸ್ಸಿನ ನಿಯಮ ತಂದಿತು. ಆದರೆ ಆ ನಿಯಮದ ರಚನೆ ನೋಡಿ. ಅದು ಬಾಗಿಲು ಮುಚ್ಚುವುದಿಲ್ಲ. ಯಾವ ವಯಸ್ಸಿಗೆ ವರ್ಷಕ್ಕೆ ಎಷ್ಟು ಪಂದ್ಯಾವಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಬಿಡುತ್ತದೆ. ನಿಜವಾಗಿ ಕಾಪಾಡುವ ಉದ್ದೇಶ ಇದ್ದಾಗ ನಿಯಮ ಹೀಗಿರುತ್ತದೆ ಎಂದು ನಾನು ತಿಳಿಯುತ್ತೇನೆ.

ಇನ್ನೊಂದು ಮಾತು. ಕಾಲೇಜು ಮೈದಾನವನ್ನು ನಾವು ಆಸರೆಯ ಜಾಗ ಎಂದು ಭಾವಿಸಿರುವುದೇ ಪ್ರಶ್ನಾರ್ಹ. ಪದೇ ಪದೇ ತಲೆಗೆ ಪೆಟ್ಟು ಬೀಳುವುದರಿಂದ ಬರುವ ಸಿಟಿಇ ಎಂಬ ಮೆದುಳಿನ ಕಾಯಿಲೆಯ ಬಗ್ಗೆ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಸಂಗಡಿಗರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಪರೀಕ್ಷಿಸಿದ 111 ಎನ್‌ಎಫ್‌ಎಲ್ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಆ ಕಾಯಿಲೆ ಇತ್ತು. ಆ ಸಂಖ್ಯೆ ಎಲ್ಲ ಕಡೆ ಸುದ್ದಿಯಾಯಿತು. ಕಾಲೇಜು ಮಟ್ಟದ ತನಕ ಮಾತ್ರ ಆಡಿದವರ 53 ಮೆದುಳುಗಳಲ್ಲಿ 48ರಲ್ಲೂ ಇತ್ತು ಎಂಬುದು ಅಷ್ಟು ಸುದ್ದಿಯಾಗಲಿಲ್ಲ. ಇವು ಮನೆಯವರು ಅನುಮಾನ ಬಂದು ದಾನ ಮಾಡಿದ ಮೆದುಳುಗಳು, ಹಾಗಾಗಿ ಎಲ್ಲ ಆಟಗಾರರಿಗೂ ಈ ಪ್ರಮಾಣ ಅನ್ವಯಿಸುವುದಿಲ್ಲ. ಆದರೂ ಪೆಟ್ಟು ಇಪ್ಪತ್ತೊಂದು ತುಂಬುವ ತನಕ ಕಾಯುವುದಿಲ್ಲ ಎಂಬುದು ಅದರಿಂದ ಸ್ಪಷ್ಟ. ದೇಹ ಕಾಪಾಡಬೇಕು ಎಂದರೆ ಕಾಲೇಜಿನಲ್ಲಿ ಎಷ್ಟು ಪಂದ್ಯ, ಎಷ್ಟು ಗುದ್ದಾಟದ ಅಭ್ಯಾಸ ಎಂಬುದನ್ನು ಮೊದಲು ಕೇಳಬೇಕು. ಮೂರು ವರ್ಷದ ನಿಯಮ ಅದನ್ನು ಕೇಳುವುದಿಲ್ಲ.

ಓದಿನ ವಾದ? ಅದನ್ನು ಒಳಗಿನಿಂದ ನೋಡುವ ಅವಕಾಶ ನನಗೆ ಸಿಕ್ಕಿದೆ. ಸೆಮಿಸ್ಟರಿನಲ್ಲಿ ಹಲವು ಸಲ ಕ್ರೀಡಾ ವಿಭಾಗದಿಂದ ನನಗೊಂದು ಫಾರಂ ಬರುತ್ತಿತ್ತು: ಹುಡುಗ ತರಗತಿಗೆ ಬರುತ್ತಿದ್ದಾನೆಯೇ, ಈಗಿನ ಗ್ರೇಡು ಎಷ್ಟು, ಆಡಲು ಬೇಕಾದಷ್ಟು ಅಂಕ ಬರುತ್ತದೆಯೇ? ಅವನು ಏನು ಕಲಿಯುತ್ತಿದ್ದಾನೆ ಎಂಬ ಕಾಲಂ ಆ ಫಾರಂನಲ್ಲಿ ಇರಲಿಲ್ಲ. ಶನಿವಾರದ ಪಂದ್ಯಕ್ಕೆ ಶುಕ್ರವಾರವೇ ಹೊರಡುವ ಬಸ್ಸು, ಬೆಳಗಿನ ಐದಕ್ಕೆ ಜಿಮ್, ಮಧ್ಯಾಹ್ನ ಅಭ್ಯಾಸ, ಸಂಜೆ ವಿಡಿಯೊ ನೋಡುವ ಸಭೆ. ಇದರ ನಡುವೆ ಅವನು ಪ್ರಬಂಧ ಬರೆದದ್ದೇ ದೊಡ್ಡದು. ಹಾಗೆಂದು ಕಾಲೇಜಿನಿಂದ ಅವನಿಗೆ ಏನೂ ಸಿಗುತ್ತಿಲ್ಲ ಎಂದು ಹೇಳಲಾರೆ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ಅವನು. ಫುಟ್‌ಬಾಲ್ ಇಲ್ಲದಿದ್ದರೆ ಬಹುಶಃ ನನ್ನ ತರಗತಿಗೆ ಬರುತ್ತಲೇ ಇರಲಿಲ್ಲ. ಈ ಕಾರಣಕ್ಕೇ ಓದು ಬೇಕೋ ಆಟ ಬೇಕೋ ಆರಿಸಿಕೋ ಎಂದು ಅವನ ಮುಂದೆ ಇಡುವುದು ಅನ್ಯಾಯ.

ಇತ್ತೀಚಿನ ಬದಲಾವಣೆಗಳು ಈ ಚರ್ಚೆಗೆ ಹೊಸ ಪುರಾವೆ ಒದಗಿಸಿವೆ. 2021ರಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2025ರ ಜೂನಿನಲ್ಲಿ ಒಪ್ಪಿಗೆಯಾದ ಹೌಸ್ ಪ್ರಕರಣದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ನೇರವಾಗಿ ಆಟಗಾರರಿಗೆ ಹಣ ಹಂಚಬಹುದು. ಮೊದಲ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ. ಇದರ ಪರಿಣಾಮ ಏನಾಯಿತು? ಅವಧಿಗೆ ಮುಂಚೆ ಡ್ರಾಫ್ಟಿಗೆ ಹೊರಡುವವರ ಸಂಖ್ಯೆ ಕಡಿಮೆಯಾಗಿದೆ. ಮೊದಲ ಸುತ್ತಿನಲ್ಲಿ ಹೋಗುವ ಖಾತ್ರಿ ಇಲ್ಲದವರು ಇನ್ನೊಂದು ವರ್ಷ ಕಾಲೇಜಿನಲ್ಲೇ ಇರುತ್ತಿದ್ದಾರೆ. ಹುಡುಗರಿಗೆ ತಾಳ್ಮೆ ಇಲ್ಲ, ಮೋಹ ಹೆಚ್ಚು ಎಂದು ದಶಕಗಟ್ಟಲೆ ಬುದ್ಧಿ ಹೇಳಿದ್ದೆವಲ್ಲ, ಅವರು ಕೈಗೆ ಏನಾದರೂ ಸಿಕ್ಕ ಕೂಡಲೇ ತಾವಾಗಿಯೇ ನಿಂತರು. ಅವರನ್ನು ಓಡಿಸುತ್ತಿದ್ದದ್ದು ಮೋಹಕ್ಕಿಂತ ಹೆಚ್ಚಾಗಿ ಲ್ಯಾಟಿಮೋರ್‌ನ ಮಂಡಿಯ ಭಯ ಇರಬೇಕು.

ಹಾಗಾದರೆ ನನ್ನ ಉತ್ತರವೇನು? ಬಿಡಬೇಕು. ಹದಿನೆಂಟು ತುಂಬಿದವನಿಗೆ ತನ್ನ ಮೈಯನ್ನು ಎಲ್ಲಿ ದುಡಿಸಬೇಕು ಎಂದು ತೀರ್ಮಾನಿಸುವ ಹಕ್ಕಿದೆ. ಈ ದೇಶದಲ್ಲಿ ಆ ವಯಸ್ಸಿಗೆ ಸೈನ್ಯ ಸೇರಬಹುದು. ಆದರೆ ಬಿಡುವುದೆಂದರೆ ಬೀದಿಗೆ ಬಿಡುವುದಾಗಬಾರದು. ಒಬ್ಬೊಬ್ಬನ ವೈದ್ಯಕೀಯ ಪರೀಕ್ಷೆ ಆಗಲಿ. ಮೊದಲ ವರ್ಷ ಇಂತಿಷ್ಟೇ ಪಂದ್ಯ ಎಂಬ ಟೆನಿಸ್ ಮಾದರಿಯ ಮೆಟ್ಟಿಲು ಇರಲಿ. ಆಯ್ಕೆಯಾಗದಿದ್ದರೆ ಕಾಲೇಜು ತಂಡಕ್ಕೂ ತರಗತಿಗೂ ಮರಳುವ ಬಾಗಿಲು ತೆರೆದಿರಲಿ. ಆಟ ಯಾವಾಗ ಬಿಟ್ಟರೂ ಪದವಿ ಮುಗಿಸುವ ಖರ್ಚನ್ನು ಅವನಿಂದ ಗಳಿಸಿದವರೇ ಹೊರಲಿ. ಇದರಿಂದ ಕೆಲವರು ಬೇಗ ಹೋಗಿ ಸೋಲುತ್ತಾರೆ, ನಿಜ. ಈಗಲೂ ಹಲವರು ತಡವಾಗಿ ಹೋಗಿ ಸೋಲುತ್ತಿದ್ದಾರೆ. ಆ ಸೋಲಿನ ಹೊತ್ತಿಗೆ ಅವರ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದು ನನಗೆ ಮುಖ್ಯ.

ಈ ವಿಷಯ ನನ್ನನ್ನು ಇಷ್ಟು ಹಿಡಿದುಕೊಂಡದ್ದಕ್ಕೆ ಸ್ವಂತದ ಕಾರಣವೂ ಇದೆ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಸಂಘ ಕಟ್ಟಲು ಹೊರಟರು. ಅವರು ನೌಕರರೇ ಹೌದು ಎಂದು ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಒಪ್ಪಿದರು. 2015ರಲ್ಲಿ ಮಂಡಳಿ ಆ ಪ್ರಶ್ನೆಯನ್ನೇ ನಿರ್ಧರಿಸಲು ನಿರಾಕರಿಸಿತು. ಮರುವರ್ಷ ಅದೇ ಮಂಡಳಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಸಂಶೋಧನಾ ವಿದ್ಯಾರ್ಥಿಗಳು ನೌಕರರು ಎಂದು ಹೇಳಿತು. ಹಾಸನದಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ "ಇನ್ನೂ ಓದ್ತಾನೇ ಇದ್ದೀಯೇನಮ್ಮಾ, ಕೆಲಸ ಯಾವಾಗ?" ಎನ್ನುತ್ತಾರೆ. ವಾರಕ್ಕೆ ನಲವತ್ತು ಪ್ರಬಂಧ ತಿದ್ದಿ ಕೂತಿರುವ ನನಗೆ, ಇದು ಕೆಲಸವೇ ಅಪ್ಪಾ ಎನ್ನಬೇಕೋ, ಹೌದು ಇನ್ನೂ ಓದ್ತಿದ್ದೀನಿ ಎನ್ನಬೇಕೋ ತಿಳಿಯುವುದಿಲ್ಲ.

ಪ್ರಬಂಧದ ಬಗ್ಗೆ ಮಾತಾಡಲು ಹುಡುಗ ನನ್ನ ಕೋಣೆಗೆ ಬಂದಾಗ ಕ್ಲಾರೆಟ್‌ನ ವರ್ಷಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದು ತೋರಿಸಿದೆ. 2002, 2003, 2004, 2005. ಅವನು ಬಹಳ ಹೊತ್ತು ನೋಡಿದ. "ಹಾಗಾದರೆ ಅವನು ಹೋಗಲೇ ಇಲ್ಲ" ಎಂದ. ನಿನ್ನ ಅಭಿಪ್ರಾಯ ಬದಲಾಯಿತೇ ಎಂದು ಕೇಳಿದೆ. ಇಲ್ಲ ಎಂದ. ಅವನಿಗೆ ಇನ್ನೂ ಎರಡು ವರ್ಷ ಇಲ್ಲೇ ಇರಬೇಕು. ಇರಲೇಬೇಕಾದ ಜಾಗ ತನ್ನ ಒಳ್ಳೆಯದಕ್ಕೇ ಇದೆ ಎಂದು ನಂಬಿಕೊಂಡರೆ ಬೆಳಗಿನ ಐದಕ್ಕೆ ಏಳುವುದು ಸುಲಭ ಎಂಬರ್ಥದ ಮಾತು ಹೇಳಿದ. ಆಮೇಲೆ "ನೀವು ಬೇಕಾದರೆ ಇವತ್ತೇ ಬಿಟ್ಟು ಹೋಗಬಹುದಲ್ಲವೇ?" ಎಂದು ಕೇಳಿದ. ಹೋಗಬಹುದು ಎಂದೆ. ವೀಸಾದ ತೊಡಕಿದೆ, ಆದರೆ ನಾನು ಊರಿಗೆ ಹೋಗಿ ಯಾವ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರೂ ಮೂರು ವರ್ಷ ತುಂಬಿಲ್ಲ ಎಂದು ಯಾರೂ ನನ್ನನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ.

ಅವನ ಪ್ರಬಂಧಕ್ಕೆ ನಾನು ಬಿ ಕೊಟ್ಟಿದ್ದೆ, 'ವಾದಕ್ಕೆ ಪುರಾವೆ ಸಾಲದು' ಎಂದು ಅಂಚಿನಲ್ಲಿ ಬರೆದಿದ್ದೆ. ಪರಿಷ್ಕರಿಸಿದ ಪ್ರತಿಯಲ್ಲಿ ಅವನು ತೀರ್ಮಾನ ಬದಲಿಸಲಿಲ್ಲ. ಕ್ಲಾರೆಟ್‌ನ ಪ್ಯಾರಾವನ್ನು ಮಾತ್ರ ತೆಗೆದುಹಾಕಿದ್ದ.